ನಾಳೆ ಹೋಗೋನಿಗೆ

ಹೊನ್ನೂರ್ವಲಿ, ಚೀಟಿ ಬರೆಸಾಕ ಎಂಟಕ್ಕೇ ನಿಲ್ಲು.
ಉದ್ದನ ಸಾಲು ಕಣ್ಣಿನ ಡಾಕ್ಟರದು, ನಮ್ಮದಲ್ಲ;
ನಮ್ಮದು ಮೆಟ್ಟಿಲ ಕೆಳಗಿನ ಹದಿನೇಳನೇ ನಂಬರು.
ಬಾಗಿಲ ಮುಂದ ಬೆಂಚು. ಬೆಂಚಿನ ಮ್ಯಾಲ
ತಮ್ಮ ತಮ್ಮ ಚಪ್ಪಲಿ ನೋಡಿಕೋತ ಕುಂತ ಮೂರು ಮಂದಿ.
ಯಾರೂ ಯಾರನ್ನೂ ಯಾವ ಓಣಿ ಅಂತ ಕೇಳಂಗಿಲ್ಲ.
ಬಳ್ಳಾರಿಯೊಳಗ ಅಂಥಾ ಜಾಗ ಇನ್ನೊಂದು ನಾ ಕಾಣೆ.

ನಾನು ಮೊದಲ ಸಲ ಮುಖಕ್ಕ ಟವೆಲ್ಲು ಸುತ್ತಿಕೊಂಡೇ ಹೋದೆ.
ಮಾರ್ಚಿಯ ಬಿಸಲು, ಯಾರೂ ಅನುಮಾನ ಪಡಲಿಲ್ಲ.

ಕರೆಂಟು ಕೊಡತಾರ ಅಂತ ಹೆದರಬ್ಯಾಡ,
ನನ್ನ ಹೆಂಡತಿ ತಮ್ಮ ಹಂಗೇ ಹೆದರಿಸಿದ್ದ.
ಒಳಗಿರೋ ಕರೆಂಟು ಫ್ಯಾನಿಗೇ ಸಾಲಂಗಿಲ್ಲ,
ಮೂರು ಸುತ್ತು ಸುತ್ತಿ ನಿಂತು ಯೋಚನಿ ಮಾಡತೈತಿ.
ಎರಡು ಕುರ್ಚಿ, ಒಂದು ಸ್ಟೀಲಿನ ಲೋಟ,
ಗೋಡಿಗೆ ಹೋದ ವರ್ಷದ ಕ್ಯಾಲೆಂಡರು.

ತಸ್ಲೀಮಾ ಮೇಡಮ್ಮ ನಿನ್ನ ತಂಗಿ ವಾರಗಿಯಾಕಿ.
ಈ ಹುಡುಗಿ ಏನು ಕಂಡಾಳ ಅನಿಸತೈತಿ. ಅನಿಸಲಿ.
ಹೆಸರು ಕೇಳಿದಳು. ಎರ್ರಿಸ್ವಾಮಿ ಅಂದೆ,
ಅಂದು ನಾನೇ ನಕ್ಕೆ.
ತೆಲುಗಿನಾಗ ಎರ್ರಿ ಅಂದ್ರ ಏನಂತ ಆಕಿಗೂ ಗೊತ್ತು.
ಕೂಸು ಬದುಕಲಿ ಅಂತ ಹರಕಿ ಹೊತ್ತು
ಹುಚ್ಚನ್ನೇ ಹೆಸರಿಟ್ಟು ತೊಟ್ಟಿಲು ತೂಗಿದ ಊರು ನಮ್ಮದು,
ಓಣಿಗೆ ನಾಕು ಮಂದಿ ಎರ್ರಿಸ್ವಾಮಿ, ಇಬ್ಬರು ಎರ್ರೆಮ್ಮ.
ಆದರ ಆ ಬಾಗಿಲ ದಾಟಾಕ ನನಗ ಎರಡು ವರ್ಷ ಹಿಡೀತು.
ಆಕಿ ನಗಲಿಲ್ಲ. ಒತ್ತು ತಪ್ಪದಂಗ ಬರಕೊಂಡಳು.

ಆಮ್ಯಾಲ ಸುಮ್ಮನ ಕುಂತಳು.
ಇದು ಎಲ್ಲಕ್ಕಿಂತ ಕಷ್ಟ, ಈಗಲೇ ಹೇಳಿರತೀನಿ.
ನಮ್ಮ ಯೂನಿಟ್ಟಿನಾಗ ನಲವತ್ತು ಮಿಷನ್ನು ಒಮ್ಮೆಲೆ ಒದರತಾವ,
ಜೀನ್ಸಿನ ಧೂಳಿನಾಗ ಕೂಗದ ಮಾತು ಮಾತೇ ಅಲ್ಲ.
ಇಲ್ಲಿ ಉಗುಳು ನುಂಗಿದ ಸಪ್ಪಳ ನನಗೇ ಕೇಳಿಸ್ತು.
ಗಾಬರಿ ಆಗಿ ಏನೇನೋ ಹೇಳಿದೆ:
ಜನರೇಟರು ಕೆಟ್ಟದ್ದು, ಡೀಸೆಲ್ಲಿನ ರೇಟು,
ಕೌಲ್ ಬಜಾರಿನ ಸೇಟು ಗುಂಡಿ ಕಡಿಮಿ ಕಳಿಸಿದ್ದು,
ಇಪ್ಪತ್ತು ನಿಮಿಷ.
ಎಲ್ಲಾ ಕೇಳಿದಳು, ಗುಂಡಿ ಲೆಕ್ಕ ಸಹಿತ.
ಕೊನೀಗೆ, ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗತೈತಿ, ಅಂದಳು.
ಎಚ್ಚರ ಆಗತೈತಿ ಅಂತ ನಾ ಹೇಳಿದ್ದೇ ಇಲ್ಲ.

ಗುಳಿಗಿ ಕೊಡೋದು ಮ್ಯಾಲಿನ ಡಾಕ್ಟರು, ಬೇಕಾದರ ಮಾತ್ರ.
ನೀ ಹೇಳಿದ್ದು ಆ ಗೋಡಿ ದಾಟಂಗಿಲ್ಲ.
ಜೀವಕ್ಕ ಕುತ್ತು ಬರೋ ಮಾತಾದರ ನಾ ಸುಮ್ಮನಿರಂಗಿಲ್ಲ
ಅಂತ ಆಕಿ ಮೊದಲೇ ಅಂದಳು.
ಆ ಒಂದು ಮಾತಿಗೇ ನಾ ನಂಬಿದ್ದು.
ಎಲ್ಲಾ ಮುಚ್ಚಿಡತೀನಿ ಅನ್ನೋರನ್ನ ಬಾಳ ನೋಡೀನಿ.

ಹೊರಗ ಬಂದ ಮ್ಯಾಲ ಹಗುರಾಗತೈತಿ ಅಂತ ತಿಳಿದಿದ್ದೆ.
ಎರಡು ದಿನ ಮೈಕೈ ನೋವು, ಕಲ್ಲು ಹೊತ್ತಂಗ.
ಹೆಂಡತಿ ಮ್ಯಾಲ ಸಿಟ್ಟು, ಸಾರಿನ ಮ್ಯಾಲ ಸಿಟ್ಟು.
ಎರಡನೇ ಗುರುವಾರ ಹೋಗಲೇ ಇಲ್ಲ.
ಕೋಟಿ ಗುಡ್ಡದ ಬುಡದಾಗ ನೆರಳು ಹುಡುಕಿ ಕುಂತು
ಮ್ಯಾಲ ಹತ್ತೋ ಮಂದೀನ ಎಣಿಸಿದೆ, ಇಳಿದೋರನ್ನ ಕಳದೆ.
ಮೂರನೇದಕ್ಕ ಹೋದೆ. ಬೈತಾಳಂತ ತಲಿ ತಗ್ಗಿಸಿದ್ದೆ.
ಬರದ ದಿನ ಎಲ್ಲಿದ್ರಿ, ಅಂತ ಕೇಳಿದಳು, ಅಷ್ಟೇ.
ಅವತ್ತು ಅಣ್ಣನ ಹೆಸರು ಬಾಯಿಗೆ ಬಂತು.
ಅದನ್ನ ನಿನಗ ಹೇಳಂಗಿಲ್ಲ ನಾನು.
ನಿನಗೂ ಹೇಳದ್ದನ್ನ ಒಂದು ಕಡೆ ಹೇಳೀನಿ, ಅಷ್ಟು ಗೊತ್ತಿರಲಿ.

ಮೂರಕ್ಕ ಆಗತಿದ್ದ ಎಚ್ಚರ ಈಗ ನಾಕೂವರಿಗೆ ಆಗತೈತಿ.
ಆರು ತಿಂಗಳಿಗೆ ಒಂದೂವರಿ ತಾಸು.
ಕಡಿಮಿ ಅಂತ ನಿದ್ದಿ ಬರೋರು ಅನ್ನತಾರ.

ನಾಳೆ ನಿನ್ನ ಮಿಷನ್ನು ನಾ ನೋಡಿಕೋತೀನಿ.
ಸೂಪರ್ವೈಸರಿಗೆ ಹಲ್ಲು ನೋವು ಅಂತ ಹೇಳೀನಿ.
ಯಾವ ಹಲ್ಲು ಅಂದ್ರ ಬಲಗಡೆ ಮ್ಯಾಲಿಂದು ಅನ್ನು, ಮರೀಬ್ಯಾಡ.
ಎಡಗಡೆ ಕೆಳಗಿಂದು ನನ್ನದು,
ಆರು ತಿಂಗಳಿಂದ ಕೀಳಿಸಾಕ ಹೋಗತಿದ್ದೀನಿ.